ಮೂವತ್ತೊಂದನೇ ಬಿಲ್ಲೆ

ಹನ್ನೊಂದು ವರ್ಷ ನನ್ನ ಕೆಲಸ ಬಣ್ಣ ತೆಗೆಯುವುದಾಗಿತ್ತು.
ಮುಂಡರಗಿಯ ವಾಷಿಂಗ್ ಶೆಡ್ಡಿನಲ್ಲಿ
ಹೊಚ್ಚಹೊಸ ಜೀನ್ಸಿಗೆ ಮುಪ್ಪು ತರುವುದು:
ಮೊಣಕಾಲಿಗೆ ಎಮರಿ ಕಾಗದ, ತೊಡೆಗೆ ಪರ್ಮಾಂಗನೇಟು,
ಡ್ರಮ್ಮಿಗೆ ಬುಟ್ಟಿಗಟ್ಟಲೆ ಹಗುರ ಕಲ್ಲು.
ಎಲ್ಲೂ ನಡೆಯದ ಪ್ಯಾಂಟು
ಹತ್ತೂರು ಅಲೆದಂತೆ ಹೊರಬರುತ್ತಿತ್ತು.
ತೆಗೆದ ನೀಲಿ ಎಲ್ಲಿಗೆ ಹೋಗಬೇಕು?
ಅರ್ಧ ಮೋರಿಗೆ.
ಇನ್ನರ್ಧ ನನ್ನ ಉಗುರಿಗೆ.

ಈಗ ಕೌಲ್ ಬಜಾರಿನ ಹಿಂದೆ, ಎರ್ರೆಪ್ಪನ ಕರೆಂಟ್ ಭಟ್ಟಿಯಲ್ಲಿ
ಬಣ್ಣ ಉಳಿಸುವುದು ಕೆಲಸ.
ಚಿನ್ನ ತೂಗುವಂಥ ತಕ್ಕಡಿ. ಮೂಗಿಗೆ ಮಾಸ್ಕು.
ಪೊಟ್ಟಣದ ಮೇಲೆ ಹೆಸರಿಲ್ಲ, ನಂಬರು.
"ಇದಕ್ಕೆ ಸ್ಟೇನು ಅಂತಾರೆ, ಮಾಬುನ್ನಿ.
ಒಂದು ಸಲ ಬೆಂಕಿ ಕಂಡು ಬಂದದ್ದು.
ಸುಟ್ಟು, ಅರೆದು, ತೊಳೆದು, ಮತ್ತೆ ಅರೆದದ್ದು.
ಬರೀ ಕೋಬಾಲ್ಟ್ ನೋಡು, ಕರ್ರಗೆ ಒಳಗೆ ಹೋಗಿ ನೀಲಿಯಾಗಿ ಬರ್ತೈತೆ.
ಇದು ಹಂಗಲ್ಲ. ಹೋದಂಗೇ ಬರ್ತೈತೆ."

ಮೊದಲ ವಾರ ಯಾರೋ ಗುಲಾಬಿ ಕೇಳಿದರು, ಆರು ಬಟ್ಟಲು.
ನೂರಕ್ಕೆ ಎಂಟರಂತೆ ತೂಗಿ, ಸಣ್ಣ ಜರಡಿ ಹಿಡಿದು,
ಅದ್ದಿ ತೆಗೆದೆ. ಮರುದಿನ ಬಾಗಿಲು ತೆರೆದರೆ
ಆರಕ್ಕೆ ಆರೂ ಆರಿದ ಚಹಾದ ಬಣ್ಣ.
ಎರ್ರೆಪ್ಪ ಬೈಯಲಿಲ್ಲ. ಗ್ಲೇಜಿನ ಡಬ್ಬಿ ಮೂಸಿದ,
ಮೂಸಿದರೆ ತಿಳಿಯುತ್ತದೆ ಎಂಬಂತೆ.
"ಇದ್ರಾಗೆ ಸತು ಐತೆ. ಸತು ಕಂಡ್ರೆ ಗುಲಾಬಿ ನಿಲ್ಲಂಗಿಲ್ಲ.
ಸುಣ್ಣ ಬೇಕು ಅದಕ್ಕೆ."
ಯಾರ ಜೊತೆ ಯಾರು ನಿಲ್ಲುವುದಿಲ್ಲ ಎಂಬುದು
ಎಂಟು ಮನೆಗೊಂದೇ ನಳವಿದ್ದ ವಠಾರದಲ್ಲಿ ಬೆಳೆದವಳಿಗೆ
ಹೇಳಿಕೊಡಬೇಕಾದ ಪಾಠವಲ್ಲ.
ಆದರೂ ಸೀಮೆಸುಣ್ಣದಲ್ಲಿ ಗೋಡೆಗೆ ಬರೆದಿಟ್ಟೆ.

ಆಮೇಲೆ ಮಣ್ಣಿಗೇ ಬಣ್ಣ ಕಲಸುವ ಹುಚ್ಚು.
ಕೆರೆಯ ಕೆಂಪು ಮಣ್ಣಿಗೆ ಹಳದಿ ನಾದಿದೆ, ಹಸಿರು ನಾದಿದೆ,
ದುಬಾರಿ ಹಸಿರು, ಅರ್ಧ ದಿನದ ಕೂಲಿ.
ನುಂಗಿತು. ತೇಗಲೂ ಇಲ್ಲ.
ಈ ಸೀಮೆಯ ಮಣ್ಣಿಗೆ ಹೊಟ್ಟೆಯಲ್ಲೇ ಕಬ್ಬಿಣ,
ಇನ್ನೊಬ್ಬರ ಬಣ್ಣ ಅದಕ್ಕೇಕೆ?
ಬಿಳಿ ಮಣ್ಣು ಲಾರಿಯಲ್ಲಿ ಎಲ್ಲಿಂದಲೋ ಬರುತ್ತದೆ,
ಏನು ಕೊಟ್ಟರೂ ಹೂಂ ಅನ್ನುತ್ತದೆ.
ನನಗೆ ಕೆಂಪೇ ಇಷ್ಟ. ಅನ್ನ ಕೊಡುವುದು ಬಿಳಿದು.

ಶೆಡ್ಡು ಬಿಟ್ಟ ಆರನೇ ತಿಂಗಳು
ಉಗುರು ನೋಡಿಕೊಂಡೆ. ಯಾರದೋ ಉಗುರು.
ನಿಂಬೆಹಣ್ಣಿಗೆ ಬಗ್ಗದ್ದು, ಬ್ಲೀಚಿಗೆ ಬಗ್ಗದ್ದು,
ನಿಕಾಹದ ಮೆಹಂದಿಯ ಕೆಳಗಿಂದಲೂ ಇಣುಕಿದ್ದು
ಹೇಳದೆ ಕೇಳದೆ ಬೆಳೆದು, ಕತ್ತರಿಸಿ ಹೋಗಿತ್ತು.
ಖುಷಿಯಾಗಬೇಕಿತ್ತು.

ಅವತ್ತಿನಿಂದ ಊಟದ ಬಿಡುವಿನಲ್ಲಿ
ಆ ನೀಲಿ ಹುಡುಕುತ್ತಿದ್ದೆ, ಬೆರಳಗಲದ ಬಿಲ್ಲೆಗಳಲ್ಲಿ.
ಐದು ಗ್ರಾಂ: ಸರ್ಕಾರಿ ಶಾಲೆಯ ಚಡ್ಡಿ.
ಏಳು, ಒಂದು ಚಿಟಿಕೆ ಕಪ್ಪು: ಪೊಲೀಸ್ ವ್ಯಾನು.
ಹದಿನಾರನೆಯದು ಕರಗಿ ಹರಿದು, ಹಲಗೆಗೆ ಅಂಟಿ ಕೂತಿತು,
ಉಳಿಯಿಂದ ಕೆತ್ತಿ ತೆಗೆದೆ.
ಇಪ್ಪತ್ತೆರಡು ಹತ್ತಿರ ಬಂತು,
ಆದರೆ ಅದು ಮೋರಿಯ ನೀಲಿ, ನನ್ನದಲ್ಲ.
ಮೂವತ್ತೊಂದು
ತಣ್ಣಗಾಗುವ ಮುಂಚೆಯೇ ಎತ್ತಿಕೊಂಡೆ. ಬೆರಳು ಚುರ್ ಎಂದಿತು.
ಉಗುರಿನ ಪಕ್ಕ ಹಿಡಿದೆ, ತುಂಬ ಹೊತ್ತು.
ಎರ್ರೆಪ್ಪ ಪುಸ್ತಕ ತೆರೆದು ಕಾದ.
"ಹೆಸರೇನು ಬರೀಲಿ?"
"ನಂಬರೇ ಇರಲಿ" ಅಂದೆ.

ಸಂಜೆ ಬ್ರಷ್ಷು, ಜರಡಿ ತೊಳೆದ ನೀರನ್ನು
ಹಳೇ ರೂಢಿಗೆ ಮೋರಿಯತ್ತ ಒಯ್ದೆ.
"ಏ! ಬಕೀಟಿಗೆ!" ಕೂಗಿದ.
ಮೂಲೆಯ ಬಕೀಟಿನಲ್ಲಿ ವರ್ಷದ ಬಣ್ಣಗಳೆಲ್ಲ
ತಳಕ್ಕಿಳಿದು ಕೂರುತ್ತವೆ:
ಕೆಟ್ಟ ಗುಲಾಬಿ, ದುಬಾರಿ ಹಸಿರು, ಮೂವತ್ತು ತಪ್ಪು ನೀಲಿ.
ಮೇಲಿನ ತಿಳಿ ಬಸಿದು, ಉಳಿದ ಬಗ್ಗಡವನ್ನು
ಅವನು ಬಾಗಿಲ ಬಳಿಯ ಹೂಕುಂಡಗಳಿಗೆ ಬಳಿಯುತ್ತಾನೆ.
ಎಮ್ಮೆಯ ಬಣ್ಣವೂ ಅಲ್ಲ, ಮೋಡದ್ದೂ ಅಲ್ಲ.
ಕೊಳ್ಳಲು ಬಂದವರು ಮೊದಲು ಅದನ್ನೇ ಮುಟ್ಟುತ್ತಾರೆ,
ಇಂಥದೇ ಹನ್ನೆರಡು ಬೇಕು ಅನ್ನುತ್ತಾರೆ.
"ಅದು ಇನ್ನೊಮ್ಮೆ ಬರಂಗಿಲ್ರೀ,"
ಅನ್ನುತ್ತಾ ಎರ್ರೆಪ್ಪ ಪೊಟ್ಟಣಗಳ ಪಟ್ಟಿ ಮುಂದಿಡುತ್ತಾನೆ.